ಗ್ರೇಸ್ ಅಗಿಲಾರ್: ಯೆಹೂದ್ಯ ಲೇಖಕಿಯೊಬ್ಬರು ನಮ್ಮ ಪ್ರಬೋಧನೆಯ ಮುಂದಿಡುವ ಪ್ರಶ್ನೆ

ಶುಭಸಂದೇಶದಲ್ಲಿ ಬರುವ ಸ್ತ್ರೀಯರ ಕುರಿತು ಪ್ರಬೋಧಿಸುವಾಗ ನಮ್ಮ ಬೋಧನಪೀಠಗಳಿಂದ ಪದೇ ಪದೇ ಕೇಳಿಬರುವ ವಾದವೊಂದಿದೆ. ಮೋಶೆಯ ಧರ್ಮಶಾಸ್ತ್ರ ಹೆಣ್ಣನ್ನು ತುಳಿದಿಟ್ಟಿತ್ತು, ಯೇಸುಸ್ವಾಮಿ ಬಂದು ಆಕೆಯನ್ನು ಮೇಲೆತ್ತಿದರು ಎಂಬುದು ಅದರ ಸಾರ. ಸಮಾರ್ಯದ ಸ್ತ್ರೀ, ರಕ್ತಸ್ರಾವದಿಂದ ನರಳಿದವಳು, ಬೆಥಾನಿಯದ ಮರಿಯ, ಮಗ್ದಲದ ಮರಿಯ ಎಲ್ಲರೂ ಈ ವಾದಕ್ಕೆ ಸಾಕ್ಷಿಗಳಾಗಿ ಬಂದು ನಿಲ್ಲುತ್ತಾರೆ. ಕ್ರಿಸ್ತರ ಬೆಳಕು ಪ್ರಖರವಾಗಿ ಕಾಣಲೆಂದು ಅವರ ಹಿಂದೆ ಯೆಹೂದ್ಯ ಧರ್ಮವನ್ನು ಕತ್ತಲಾಗಿ ಬಳಿಯುವ ರೀತಿ ಇದು. ಕೇಳುವವರಿಗೆ ಸುಲಭವಾಗಿ ಅರ್ಥವಾಗುವುದರಿಂದ ಇದು ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿದೆ.

ಈ ವಾದಕ್ಕೆ 1845ರಷ್ಟು ಹಿಂದೆಯೇ ಲಂಡನ್ನಿನ ಯೆಹೂದ್ಯ ತರುಣಿಯೊಬ್ಬರು ಪುಸ್ತಕರೂಪದ ಉತ್ತರ ಬರೆದರು. ಅವರ ಹೆಸರು ಗ್ರೇಸ್ ಅಗಿಲಾರ್. ಕಾದಂಬರಿಕಾರ್ತಿಯಾಗಿ, ಶಾಲೆಯ ಶಿಕ್ಷಕಿಯಾಗಿ, ತಮ್ಮ ಜನರಿಗೆ ಧರ್ಮಬೋಧಕಿಯಾಗಿ ದುಡಿದ ಅವರು ಮೂವತ್ತೊಂದನೆಯ ವಯಸ್ಸಿಗೇ ತೀರಿಕೊಂಡರು. ಅವರ ಬಾಳನ್ನೂ ಬರಹವನ್ನೂ ಇಲ್ಲಿ ಪರಿಚಯಿಸಿ, ಅವರು ಎತ್ತಿದ ಪ್ರಶ್ನೆಯನ್ನು ಇಂದಿನ ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಗುಟ್ಟಾಗಿ ಉಳಿದ ವಿಶ್ವಾಸ

ಗ್ರೇಸ್ ಅವರನ್ನು ಅರಿಯಲು ಅವರ ಪೂರ್ವಿಕರಿಂದ ತೊಡಗಬೇಕು. 1492ರಲ್ಲಿ ಸ್ಪೇನಿನ ಅರಸರಾದ ಫರ್ಡಿನೆಂಡ್ ಮತ್ತು ಇಸಬೆಲ್ಲಾ ತಮ್ಮ ರಾಜ್ಯದ ಯೆಹೂದ್ಯರಿಗೆ ದೀಕ್ಷಾಸ್ನಾನ ಇಲ್ಲವೇ ದೇಶತ್ಯಾಗ ಎಂಬ ಎರಡೇ ದಾರಿಗಳನ್ನು ಉಳಿಸಿದರು. ಅನೇಕರು ಪಕ್ಕದ ಪೋರ್ಚುಗಲ್ಲಿಗೆ ದಾಟಿದರು. ಐದು ವರ್ಷಗಳ ತರುವಾಯ, 1497ರಲ್ಲಿ, ಅಲ್ಲಿ ಬಲಾತ್ಕಾರದ ದೀಕ್ಷಾಸ್ನಾನ ನಡೆಯಿತು. ಹೀಗೆ ದೀಕ್ಷೆ ಪಡೆದವರನ್ನು 'ಹೊಸ ಕ್ರೈಸ್ತರು' ಎಂದು ಕರೆಯಲಾಯಿತು. ಜನರ ಬಾಯಲ್ಲಿ ಅವರು 'ಮರ್ರಾನೊ'ಗಳು, ಅಂದರೆ ಹಂದಿಗಳು. ಇವರ ಮೇಲೆ ಕಣ್ಣಿಡುವುದು ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಮಂಡಳಿಯ ಕೆಲಸವಾಯಿತು. ಅದು ಸ್ಪೇನಿನಲ್ಲಿ 1478ರಲ್ಲಿಯೂ ಪೋರ್ಚುಗಲ್ಲಿನಲ್ಲಿ 1536ರಲ್ಲಿಯೂ ಸ್ಥಾಪನೆಯಾಯಿತು. ಶುಕ್ರವಾರ ಸಂಜೆ ದೀಪ ಹಚ್ಚುವುದು, ಶನಿವಾರ ಮಡಿಬಟ್ಟೆ ಉಡುವುದು, ಹಂದಿಮಾಂಸ ಮುಟ್ಟದಿರುವುದು ಇವೆಲ್ಲ ಅಪರಾಧದ ಕುರುಹುಗಳಾದವು.

ಈ ಕುರುಹುಗಳೆಲ್ಲ ಮನೆಯ ಒಳಗಿನವು ಎಂಬುದನ್ನು ನಾವು ಗಮನಿಸಬೇಕು. ಪ್ರಾರ್ಥನಾಮಂದಿರವಿಲ್ಲ, ರಬ್ಬಿಯಿಲ್ಲ, ಹಿಬ್ರೂ ಗ್ರಂಥಗಳಿಲ್ಲ. ಉಳಿದದ್ದು ಅಡುಗೆಮನೆ, ಒಲೆ, ತಾಯಿ ಮಕ್ಕಳ ಕಿವಿಯಲ್ಲಿ ಹೇಳಿದ ಮಾತು. ವಿಶ್ವಾಸದ ಪಾಲನೆ ಬಹುಮಟ್ಟಿಗೆ ಹೆಂಗಸರ ಕೈಸೇರಿತು. ನ್ಯಾಯಮಂಡಳಿಯ ಮುಂದೆ ನಿಂತವರಲ್ಲಿಯೂ ಹೆಂಗಸರು ಬಹಳ ಮಂದಿ.

ಈ ಚರಿತ್ರೆ ನಮಗೆ ದೂರದ್ದೇನಲ್ಲ. ಪೋರ್ಚುಗೀಸ್ ಇನ್‌ಕ್ವಿಸಿಷನ್ನಿನ ಶಾಖೆ 1560ರಲ್ಲಿ ಗೋವೆಯಲ್ಲಿ ತೆರೆಯಿತು. ಅದರ ಮೊದಲ ಗುರಿ ಹೊಸ ಕ್ರೈಸ್ತರೇ ಆಗಿದ್ದರು. ಭಾರತದ ಔಷಧಸಸ್ಯಗಳ ಕುರಿತು 1563ರಲ್ಲಿ ಗೋವೆಯಲ್ಲಿ ಪ್ರಖ್ಯಾತ ಗ್ರಂಥ ಮುದ್ರಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಮನೆತನದವರು. ಅವರ ಸಹೋದರಿ ಕತರೀನಾ ಅವರನ್ನು 1569ರಲ್ಲಿ ಸುಡಲಾಯಿತು. 1568ರಲ್ಲಿಯೇ ತೀರಿಕೊಂಡಿದ್ದ ಗಾರ್ಸಿಯಾ ಅವರ ಅಸ್ಥಿಗಳನ್ನು 1580ರಲ್ಲಿ ಹೊರತೆಗೆದು ಸುಡಲಾಯಿತು. ಮುಂದೆ ಈ ಮಂಡಳಿಯ ಕೈ ಸ್ಥಳೀಯ ಕ್ರೈಸ್ತರ ಪದ್ಧತಿಗಳ ಮೇಲೂ ಚಾಚಿತು. ಗೋವೆಯಿಂದ ಕೆನರಾ ಕರಾವಳಿಗೆ ವಲಸೆ ಬಂದ ಕೊಂಕಣಿ ಕ್ರೈಸ್ತರ ವಲಸೆಯ ಹಲವು ಕಾರಣಗಳಲ್ಲಿ ಇದನ್ನೂ ಚರಿತ್ರಕಾರರು ಎಣಿಸುತ್ತಾರೆ. ಗೋವೆಯ ನ್ಯಾಯಮಂಡಳಿ ರದ್ದಾದದ್ದು 1812ರಲ್ಲಿ, ಗ್ರೇಸ್ ಹುಟ್ಟುವುದಕ್ಕೆ ಕೇವಲ ನಾಲ್ಕು ವರ್ಷ ಮೊದಲು. ಪೋರ್ಚುಗಲ್ಲಿನದು 1821ರಲ್ಲಿ, ಸ್ಪೇನಿನದು 1834ರಲ್ಲಿ ಕೊನೆಗೊಂಡವು. ಎಂದರೆ, ತಮ್ಮ ಪೂರ್ವಿಕರನ್ನು ಅಟ್ಟಿದ ಸಂಸ್ಥೆ ಸ್ಪೇನಿನಲ್ಲಿ ಅಳಿಸಿಹೋದಾಗ ಗ್ರೇಸ್ ಅವರಿಗೆ ಹದಿನೆಂಟು ತುಂಬಿತ್ತು.

ಬಾಳು ಮತ್ತು ಬರಹ

ಇಂಗ್ಲೆಂಡ್ 1290ರಲ್ಲಿ ಯೆಹೂದ್ಯರನ್ನು ಹೊರಗಟ್ಟಿತ್ತು. 1656ರಲ್ಲಿ ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿ ಅವರಿಗೆ ಮತ್ತೆ ಅಲ್ಲಿ ನೆಲೆಸುವ ಅವಕಾಶ ದೊರೆಯಿತು. ಮೊದಲು ಬಂದವರು ಸ್ಪೇನ್ ಮತ್ತು ಪೋರ್ಚುಗಲ್ ಮೂಲದವರು. ಅವರು 1701ರಲ್ಲಿ ಕಟ್ಟಿದ ಬೇವಿಸ್ ಮಾರ್ಕ್ಸ್ ಪ್ರಾರ್ಥನಾಮಂದಿರ ಇಂದಿಗೂ ಲಂಡನ್ನಿನಲ್ಲಿ ನಿಂತಿದೆ. ಗ್ರೇಸ್ ಅವರ ತಂದೆ ಇಮಾನುವೆಲ್ ಅಗಿಲಾರ್ ಆ ಸಮುದಾಯದ ಮುಖಂಡರಾಗಿದ್ದವರು. ತಾಯಿ ಸಾರಾ ವಿದ್ಯಾವಂತೆ. 1816ರ ಜೂನ್ 2ರಂದು ಲಂಡನ್ನಿನ ಹ್ಯಾಕ್ನಿಯಲ್ಲಿ ಹುಟ್ಟಿದ ಗ್ರೇಸ್ ಬಾಲ್ಯದಿಂದಲೂ ರೋಗಿಷ್ಠೆ. ಆದುದರಿಂದ ಬಹುಪಾಲು ಓದೆಲ್ಲ ಮನೆಯಲ್ಲಿಯೇ ನಡೆಯಿತು. 1828ರಲ್ಲಿ ತಂದೆಯ ಕ್ಷಯರೋಗದ ನಿಮಿತ್ತ ಕುಟುಂಬ ಡೆವನ್ ಪ್ರಾಂತ್ಯದ ಟ್ಯಾವಿಸ್ಟಾಕಿಗೆ ಹೋಯಿತು. ಹಾಸಿಗೆ ಹಿಡಿದ ತಂದೆ ಮಗಳಿಗೆ ಸ್ಪೇನ್, ಪೋರ್ಚುಗಲ್ಲಿನ ಯೆಹೂದ್ಯರ ಕಥೆಗಳನ್ನು ಹೇಳಿದರು. ಯೆಹೂದ್ಯರೇ ವಿರಳವಾಗಿದ್ದ ಆ ಊರಿನಲ್ಲಿ ಗ್ರೇಸ್ ಪ್ರೊಟೆಸ್ಟಂಟ್ ದೇವಾಲಯಗಳಿಗೂ ಹೋಗಿ ಪ್ರಸಂಗ ಕೇಳಿದ್ದುಂಟು. ಕ್ರೈಸ್ತರು ಅವರಿಗೆ ಪುಸ್ತಕದಲ್ಲಷ್ಟೇ ಕಂಡವರಲ್ಲ, ನೆರೆಹೊರೆಯವರು, ಗೆಳತಿಯರು.

1835ರಲ್ಲಿ ದಡಾರ ಬಂದು ಅವರ ಆರೋಗ್ಯ ಶಾಶ್ವತವಾಗಿ ಕುಸಿಯಿತು. 1840ರ ಸುಮಾರಿಗೆ ಕುಟುಂಬ ಮತ್ತೆ ಹ್ಯಾಕ್ನಿಗೆ ಬಂದ ಮೇಲೆ, ಮನೆಯ ಖರ್ಚು ತೂಗಿಸಲು ತಾಯಿ ಮಗಳು ಸೇರಿ ಯೆಹೂದ್ಯ ಹುಡುಗರಿಗಾಗಿ ವಸತಿಶಾಲೆ ನಡೆಸಿದರು. ಪಾಠ ಹೇಳುವುದರ ನಡುವೆಯೇ ಅವರ ಮುಖ್ಯ ಕೃತಿಗಳು ಬಂದವು: 1842ರಲ್ಲಿ 'ಯೆಹೂದ್ಯ ಧರ್ಮದ ಚೈತನ್ಯ', 1845ರಲ್ಲಿ 'ಇಸ್ರಯೇಲಿನ ಸ್ತ್ರೀಯರು', 1846ರಲ್ಲಿ 'ಯೆಹೂದ್ಯ ವಿಶ್ವಾಸ', 1847ರಲ್ಲಿ 'ಮನೆಯ ಪ್ರಭಾವ' ಎಂಬ ಕಾದಂಬರಿ. ಅದೇ ವರ್ಷ ಜನಪ್ರಿಯ ಗ್ರಂಥಮಾಲೆಯೊಂದಕ್ಕೆ ಇಂಗ್ಲೆಂಡಿನ ಯೆಹೂದ್ಯರ ಚರಿತ್ರೆಯನ್ನೂ ಬರೆದುಕೊಟ್ಟರು.

ಯೆಹೂದ್ಯ ಮಹಿಳೆಯರಲ್ಲಿ ಕಥೆ ಬರೆದವರು ಅವರೊಬ್ಬರೇ ಅಲ್ಲ. 1830ರಲ್ಲಿ ಮರಿಯಾ ಪೊಲಾಕ್ ಎಂಬವರ ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾಗಿತ್ತು. 1840ರಲ್ಲಿ ಸೀಲಿಯಾ ಮತ್ತು ಮರಿಯನ್ ಮಾಸ್ ಎಂಬ ಸೋದರಿಯರು ಯೆಹೂದ್ಯ ಚರಿತ್ರೆಯ ಕಥೆಗಳನ್ನು ಹೊರತಂದಿದ್ದರು. ಇವರಲ್ಲಿ ಮರಿಯನ್ ಮುಂದೆ ಶಾಲೆ ನಡೆಸಿ, 1855ರಲ್ಲಿ ಒಂದು ಪತ್ರಿಕೆಯನ್ನೂ ಹುಟ್ಟುಹಾಕಿದರು. ಆದರೆ ಧರ್ಮವಿಚಾರವನ್ನು ನೇರವಾಗಿ ಎತ್ತಿಕೊಂಡು ಸ್ವಜನರಿಗೂ ಕ್ರೈಸ್ತರಿಗೂ ಏಕಕಾಲದಲ್ಲಿ ಬರೆದವರು ಗ್ರೇಸ್.

'ಇಸ್ರಯೇಲಿನ ಸ್ತ್ರೀಯರು' ಎಂಬ ಉತ್ತರ

ಯೆಹೂದ್ಯರನ್ನು ಕ್ರೈಸ್ತರನ್ನಾಗಿಸುವುದಕ್ಕೆಂದೇ 1809ರಲ್ಲಿ ಲಂಡನ್ನಿನಲ್ಲಿ ಸಂಘವೊಂದು ಸ್ಥಾಪಿತವಾಗಿತ್ತು. ಯೆಹೂದ್ಯ ಹುಡುಗಿ ತನ್ನ ತಂದೆಯ ಕಠೋರ ಧರ್ಮವನ್ನು ಬಿಟ್ಟು ಕ್ರಿಸ್ತರನ್ನು ಅಪ್ಪಿಕೊಳ್ಳುವ ಕಥೆಗಳು ಆಗ ಹೇರಳವಾಗಿ ಬರುತ್ತಿದ್ದವು. ಕ್ರೈಸ್ತಧರ್ಮವೊಂದೇ ಹೆಣ್ಣಿಗೆ ಘನತೆ ತಂದಿತು ಎಂಬುದು ಭಕ್ತಿಗ್ರಂಥಗಳ ನಿತ್ಯದ ಮಾತು. ಇತ್ತ ಯೆಹೂದ್ಯ ಹೆಂಗಸರಿಗೆ ಹಿಬ್ರೂ ಬಾರದು. ತಮಗೆ ತಿಳಿಯುವ ಇಂಗ್ಲಿಷಿನಲ್ಲಿ ಧರ್ಮಗ್ರಂಥಗಳಿಲ್ಲ. ಆದುದರಿಂದ ಅವರು ಓದುತ್ತಿದ್ದದ್ದು ಇದೇ ಕ್ರೈಸ್ತ ಪುಸ್ತಕಗಳನ್ನು. ಗ್ರೇಸ್ ಅವರ ಕಳವಳ ಇದು: ತಮ್ಮ ದೇವರು ತಮ್ಮನ್ನು ಕಡೆಗಣಿಸಿದ್ದಾನೆ ಎಂದು ಇತರರ ಮಾತಿನಿಂದಲೇ ನಂಬಿಬಿಟ್ಟ ಹೆಣ್ಣು ತನ್ನ ಮಕ್ಕಳಿಗೆ ಏನನ್ನು ಕಲಿಸಿಯಾಳು?

ಅವರು ಆರಿಸಿಕೊಂಡ ವಿಧಾನ ಸರಳ. ಪವಿತ್ರ ಗ್ರಂಥದ ಸ್ತ್ರೀಯರನ್ನು ಸಾರ, ರೆಬೆಕ್ಕ, ರಾಖೇಲ, ಲೇಯ ಮೊದಲಾದ ಪಿತೃಗಳ ಮಡದಿಯರಿಂದ ತೊಡಗಿ ಮಿರ್ಯಾಮ, ದೆಬೋರ, ಹನ್ನ, ರೂತ್, ಎಸ್ತೇರರವರೆಗೆ, ಅಲ್ಲಿಂದ ಎರಡನೆಯ ದೇವಾಲಯದ ಕಾಲಕ್ಕೆ, ಕೊನೆಗೆ ತಮ್ಮದೇ ದಿನದ ಯೆಹೂದ್ಯ ಮಹಿಳೆಯವರೆಗೆ ಒಂದೇ ಸರಣಿಯಾಗಿ ಜೋಡಿಸಿದರು. ದೇವರು ಸ್ತ್ರೀಯೊಡನೆ ನೇರವಾಗಿ ವ್ಯವಹರಿಸಿದರು, ಆಕೆಯ ಮೊರೆ ಕೇಳಿದರು, ಆಕೆಯನ್ನು ಒಡಂಬಡಿಕೆಯ ಪಾಲುಗಾರಳನ್ನಾಗಿ ಎಣಿಸಿದರು ಎಂಬುದು ಆ ಸರಣಿಯ ಎಳೆ.

ಹನ್ನಳ ಪ್ರಸಂಗವನ್ನು ಉದಾಹರಣೆಯಾಗಿ ನೋಡೋಣ (1 ಸಮುವೇಲ 1). ಬಂಜೆಯೆಂದು ನೊಂದ ಆಕೆ ಶಿಲೋವಿನ ದೇವಮಂದಿರಕ್ಕೆ ಹೋಗಿ ತನ್ನ ಮನಸ್ಸಿನಲ್ಲೇ ಪ್ರಾರ್ಥಿಸುತ್ತಾಳೆ. ತುಟಿ ಅಲುಗುತ್ತದೆ, ಧ್ವನಿ ಕೇಳಿಸದು. ಯಾಜಕ ಏಲಿ ಆಕೆ ಕುಡಿದಿರುವಳೆಂದು ಬಗೆದು ಗದರಿಸುತ್ತಾನೆ. ಆಕೆ ಗೌರವದಿಂದಲೇ ಆದರೂ ದಿಟ್ಟವಾಗಿ ಅವನನ್ನು ತಿದ್ದುತ್ತಾಳೆ. ಯಾಜಕ ತನ್ನ ಮಾತನ್ನು ಹಿಂತೆಗೆದು ಹರಸುತ್ತಾನೆ. ಹೆಣ್ಣು ಯಾರ ಮಧ್ಯಸ್ಥಿಕೆಯೂ ಇಲ್ಲದೆ ದೇವರನ್ನು ಸಮೀಪಿಸಬಲ್ಲಳು, ದೇವರು ಅದಕ್ಕೆ ಕಿವಿಗೊಡುತ್ತಾರೆ ಎಂಬುದಕ್ಕೆ ಗ್ರೇಸ್ ಈಕೆಯನ್ನು ಆಧಾರವಾಗಿ ಮುಂದಿಡುತ್ತಾರೆ. ನಾವು ಇನ್ನೂ ಒಂದು ಸಂಗತಿ ಸೇರಿಸಬಹುದು. ತಾಲ್ಮುದಿನ ಬೆರಾಖೋತ್ ಸಂಪುಟದಲ್ಲಿ ರಬ್ಬಿಗಳು ಪ್ರಾರ್ಥನೆಯ ನಿಯಮಗಳನ್ನು ನಿರೂಪಿಸಿದ್ದು ಇದೇ ಹನ್ನಳ ನಡತೆಯಿಂದ: ಮನಸ್ಸನ್ನು ಕೇಂದ್ರೀಕರಿಸಬೇಕು, ತುಟಿಗಳಿಂದ ಉಚ್ಚರಿಸಬೇಕು, ಧ್ವನಿ ಏರಿಸಬಾರದು. ಹೆಣ್ಣನ್ನು ತುಚ್ಛವಾಗಿ ಕಂಡಿತೆಂದು ನಾವು ಹೇಳುವ ಪರಂಪರೆ ಪ್ರಾರ್ಥಿಸುವುದು ಹೇಗೆಂದು ಹೆಣ್ಣೊಬ್ಬಳಿಂದ ಕಲಿಯಿತು. ಮಾತೆ ಮರಿಯಮ್ಮನವರ ಸ್ತುತಿಗೀತೆಯ ಹಿಂದೆ ಹನ್ನಳ ಹಾಡಿದೆ ಎಂಬುದನ್ನು ನಮ್ಮ ಯಾವ ಬೈಬಲ್ ವ್ಯಾಖ್ಯಾನಕಾರರೂ ಅಲ್ಲಗಳೆಯರು. ಹನ್ನಳನ್ನು ಕತ್ತಲಲ್ಲಿ ನಿಲ್ಲಿಸಿ ಮರಿಯಮ್ಮನವರನ್ನು ಬೆಳಕಿನಲ್ಲಿ ನಿಲ್ಲಿಸಲು ಬರುವುದಿಲ್ಲ.

ಧರ್ಮಶಾಸ್ತ್ರವನ್ನೂ ಹೀಗೆಯೇ ತೆರೆದು ನೋಡಬಹುದು. ತಂದೆಯನ್ನೂ ತಾಯಿಯನ್ನೂ ಸನ್ಮಾನಿಸಬೇಕೆನ್ನುವ ಆಜ್ಞೆ ಇಬ್ಬರಿಗೂ ಸಮ. ಯಾಜಕಕಾಂಡದಲ್ಲಿ (19:3) ತಾಯಿಯ ಹೆಸರೇ ಮೊದಲು. ಗಂಡುಮಕ್ಕಳಿಲ್ಲದ ತಂದೆಯ ಐವರು ಹೆಣ್ಣುಮಕ್ಕಳು ಆಸ್ತಿಯ ಹಕ್ಕು ಕೇಳಿದಾಗ ದೇವರೇ ಅವರ ಪರವಾಗಿ ತೀರ್ಪು ಕೊಡುತ್ತಾರೆ (ಸಂಖ್ಯಾಕಾಂಡ 27). ಧರ್ಮಶಾಸ್ತ್ರವನ್ನು ಓದುವಾಗ ಗಂಡಸರಷ್ಟೇ ಅಲ್ಲ, ಹೆಂಗಸರು, ಮಕ್ಕಳು, ಪರದೇಶಿಗಳು ಎಲ್ಲರೂ ಕೂಡಿಬರಬೇಕೆಂಬ ವಿಧಿಯಿದೆ (ಧರ್ಮೋಪದೇಶಕಾಂಡ 31:12). ಇದಕ್ಕೆ ವಿರುದ್ಧವಾಗಿ ನಿಲ್ಲುವ ಕಠಿಣ ವಚನಗಳೂ ಅದೇ ಪುಸ್ತಕಗಳಲ್ಲಿವೆ. ಗ್ರೇಸ್ ಅವುಗಳನ್ನು ಮೃದುಗೊಳಿಸಿ ಓದುವುದುಂಟು. ಮನೆಯೇ ಹೆಣ್ಣಿನ ಕಾರ್ಯಕ್ಷೇತ್ರ ಎಂಬ ತಮ್ಮ ಕಾಲದ ಇಂಗ್ಲಿಷ್ ಭಾವನೆಯನ್ನೂ ಅವರು ಒಪ್ಪಿಕೊಂಡವರೇ. ಇವು ಅವರ ಮಿತಿಗಳು. ಆದರೆ ಕಠಿಣ ವಚನಗಳನ್ನು ಯೆಹೂದ್ಯರ ಲೆಕ್ಕಕ್ಕೂ ಕೋಮಲ ವಚನಗಳನ್ನು ನಮ್ಮ ಲೆಕ್ಕಕ್ಕೂ ಬರೆದುಕೊಳ್ಳುವ ಪದ್ಧತಿ ಅದಕ್ಕಿಂತ ದೊಡ್ಡ ದೋಷ. ಅಪೊಸ್ತಲರ ಪತ್ರಗಳಲ್ಲಿ ಸ್ತ್ರೀಯರನ್ನು ಕುರಿತ ವಾಕ್ಯಗಳನ್ನು ನಾವು ಎಷ್ಟು ಎಚ್ಚರದಿಂದ, ಸಂದರ್ಭ ನೋಡಿ ವ್ಯಾಖ್ಯಾನಿಸುತ್ತೇವೆಯೋ ಅಷ್ಟೇ ಎಚ್ಚರ ಮೋಶೆಯ ಧರ್ಮಶಾಸ್ತ್ರಕ್ಕೂ ಸಲ್ಲಬೇಕು.

ಗ್ರಂಥವೂ ಪರಂಪರೆಯೂ

'ಯೆಹೂದ್ಯ ಧರ್ಮದ ಚೈತನ್ಯ' ಎಂಬ ಕೃತಿ 'ಷೆಮಾ'ದ ವಿವರಣೆ. ದೇವರು ಒಬ್ಬರೇ, ಅವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕು, ಇದನ್ನು ಮಕ್ಕಳಿಗೆ ಕಲಿಸಬೇಕು ಎಂಬ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದ ವಚನಗಳಿವು. ಅತಿಮುಖ್ಯ ಆಜ್ಞೆ ಯಾವುದೆಂದು ಕೇಳಿದಾಗ ಯೇಸುಸ್ವಾಮಿ ಉತ್ತರವನ್ನು ತೊಡಗಿದ್ದೂ ಇದರಿಂದಲೇ (ಮಾರ್ಕ 12:29). ಈ ಪುಸ್ತಕದ ಹಸ್ತಪ್ರತಿಯನ್ನು ಗ್ರೇಸ್ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಐಸಾಕ್ ಲೀಸರ್ ಅವರಿಗೆ ಕಳುಹಿಸಿದರು. ಅದು ಸಮುದ್ರದಲ್ಲಿ ಕಳೆದುಹೋಯಿತು. ಪುನಃ ಮೊದಲಿನಿಂದ ಬರೆದರು.

ಲೀಸರ್ ಪುಸ್ತಕವನ್ನು ಪ್ರಕಟಿಸಿದರು, ಜೊತೆಗೆ ತಮ್ಮ ಭಿನ್ನಾಭಿಪ್ರಾಯವನ್ನೂ ಅಚ್ಚು ಹಾಕಿಸಿದರು. ಗ್ರೇಸ್ ಗ್ರಂಥವನ್ನೇ ಹಿಡಿದು ರಬ್ಬಿಗಳ ಪರಂಪರೆಗೆ ತಕ್ಕ ಬೆಲೆ ಕೊಡುತ್ತಿಲ್ಲವೆಂಬುದು ಅವರ ಆಕ್ಷೇಪ. ಗ್ರಂಥ ಮಾತ್ರ ಎನ್ನುವುದು ಯೆಹೂದ್ಯ ವೇಷದ ಪ್ರೊಟೆಸ್ಟಂಟ್ ನಿಲುವೆಂದು ಇತರರೂ ಟೀಕಿಸಿದರು. ಕಥೋಲಿಕ ಓದುಗರಾದ ನಮಗೆ ಈ ಚರ್ಚೆ ಚಿರಪರಿಚಿತ. ಗ್ರಂಥ ಮತ್ತು ಪರಂಪರೆಗಳು ಒಂದೇ ಬುಗ್ಗೆಯಿಂದ ಹರಿಯುತ್ತವೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಪ್ರಕಟಣೆಯ ಸಂವಿಧಾನದಲ್ಲಿ ಓದುವ ನಮ್ಮ ಮನಸ್ಸು ಸಹಜವಾಗಿ ಲೀಸರ್ ಅವರತ್ತ ವಾಲೀತು. ಆದರೂ ಗ್ರೇಸ್ ಅವರ ಪಕ್ಷದಲ್ಲಿ ಹೇಳಬೇಕಾದ ಮಾತಿದೆ. ಅವರ ಪೂರ್ವಿಕರಿಗೆ ರಬ್ಬಿಗಳ ಗ್ರಂಥಗಳು ತಲೆಮಾರುಗಳ ಕಾಲ ನಿಷಿದ್ಧವಾಗಿದ್ದವು. ಹೆಣ್ಣುಮಕ್ಕಳಿಗೆ ಆ ಅಧ್ಯಯನದ ಬಾಗಿಲು ಲಂಡನ್ನಿನಲ್ಲಿಯೂ ತೆರೆದಿರಲಿಲ್ಲ. ತಾಯಿಯಿಂದ ಮಗಳಿಗೆ ಹರಿದುಬಂದ ವಿಶ್ವಾಸವೂ ಪರಂಪರೆಯೇ ಅಲ್ಲವೇ? ಗುರುಗಳಿಲ್ಲದ ಕಾಲದಲ್ಲಿ ಮನೆಯ ಪ್ರಾರ್ಥನೆಯಿಂದಲೇ ವಿಶ್ವಾಸ ಉಳಿಸಿಕೊಂಡ ಕ್ರೈಸ್ತ ಸಮುದಾಯಗಳ ಚರಿತ್ರೆ ಬಲ್ಲ ನಾವು ಈ ಪ್ರಶ್ನೆಗೆ ಇಲ್ಲವೆನ್ನಲಾರೆವು.

'ದೇವದಾರುಗಳ ಕಣಿವೆ': ಮನಸ್ಸಾಕ್ಷಿಯ ಕಥೆ

ಗ್ರೇಸ್ ಹದಿಹರೆಯದ ಕೊನೆಯಲ್ಲಿ ಬರೆದು, ಅವರ ಮರಣಾನಂತರ 1850ರಲ್ಲಿ ತಾಯಿ ಪ್ರಕಟಿಸಿದ ಕಾದಂಬರಿ ಇದು. ಕಥಾನಾಯಕಿ ಮರೀ ಹೆನ್ರಿಕೆಸ್ ಇಸಬೆಲ್ಲಾ ರಾಣಿಯ ಕಾಲದ ಸ್ಪೇನಿನಲ್ಲಿ ಗುಟ್ಟಾಗಿ ಯೆಹೂದ್ಯಳಾಗಿ ಬಾಳುವವಳು. ಆರ್ಥರ್ ಸ್ಟಾನ್ಲಿ ಎಂಬ ಆಂಗ್ಲ ಕ್ರೈಸ್ತ ವೀರನನ್ನು ಪ್ರೀತಿಸಿದರೂ ಧರ್ಮದ ನಿಮಿತ್ತ ಅವನನ್ನು ನಿರಾಕರಿಸಿ, ತಂದೆ ಬಯಸಿದ ಬಂಧುವನ್ನು ವರಿಸುತ್ತಾಳೆ. ಗಂಡನ ಕೊಲೆಯಾಗುತ್ತದೆ, ಆಪಾದನೆ ಸ್ಟಾನ್ಲಿಯ ಮೇಲೆ ಬೀಳುತ್ತದೆ. ತನ್ನ ಸಾಕ್ಷ್ಯ ನಿರಪರಾಧಿಯನ್ನು ಸಾವಿಗೆ ತಳ್ಳೀತೆಂದು ಕಂಡಾಗ, ಪ್ರಮಾಣ ಮಾಡಲು ಅನರ್ಹಳಾಗುವ ಸಲುವಾಗಿ, ತಾನು ಯೆಹೂದ್ಯಳೆಂದು ತುಂಬಿದ ಸಭೆಯಲ್ಲಿ ಘೋಷಿಸುತ್ತಾಳೆ. ಪರರ ಪ್ರಾಣಕ್ಕಾಗಿ ತನ್ನ ಪ್ರಾಣವನ್ನು ಒಡ್ಡುವ ಈ ಘಟನೆಯೇ ಕಾದಂಬರಿಯ ಹೃದಯ. ಬಳಿಕ ಗುಪ್ತ ವಿಚಾರಣಾಮಂಡಳಿಯ ಚಿತ್ರಹಿಂಸೆಗೂ ಅವಳು ಗುರಿಯಾಗುತ್ತಾಳೆ.

ಲೇಖಕಿ ಇಲ್ಲಿ ಕ್ರೈಸ್ತರೆಲ್ಲರನ್ನೂ ಒಂದೇ ಬಣ್ಣದಲ್ಲಿ ಚಿತ್ರಿಸುವುದಿಲ್ಲ. ಹಿಂಸಿಸುವ ಅಧಿಕಾರಿ ಒಬ್ಬನಾದರೆ, ಮರೀಯನ್ನು ಮಗಳಂತೆ ಕಾಪಾಡುವ ಇಸಬೆಲ್ಲಾ ಇನ್ನೊಬ್ಬಳು. ರಾಣಿ ಒಲವಿನಿಂದಲೇ ಅವಳನ್ನು ಕ್ರೈಸ್ತಳನ್ನಾಗಿಸಲು ಯತ್ನಿಸುತ್ತಾಳೆ. ಚಿತ್ರಹಿಂಸೆಗೆ ಬಗ್ಗದ ಮರೀಗೆ ನಿಜವಾದ ಪರೀಕ್ಷೆ ಎದುರಾಗುವುದು ಇಲ್ಲಿ. ಹಿಂಸೆಯನ್ನು ದ್ವೇಷಿಸಿ ನಿರಾಕರಿಸಬಹುದು. ಪ್ರೀತಿಯನ್ನು ಕೃತಜ್ಞತೆಯಿಂದಲೇ ನಿರಾಕರಿಸಬೇಕಾಗುತ್ತದೆ. ಮರೀ ಹಾಗೆಯೇ ಮಾಡುತ್ತಾಳೆ.

ದೇವಶಾಸ್ತ್ರದ ವಿದ್ಯಾರ್ಥಿಗೆ ಇದು ಇರುಸುಮುರುಸಿನ ಸ್ಥಳ. ಶುಭಸಂದೇಶವನ್ನು ಕೇಳಿದ, ಕ್ರೈಸ್ತರ ಪ್ರೀತಿಯನ್ನೂ ಕಂಡ, ಆದರೂ ಒಡಂಬಡಿಕೆಯ ದೇವರಿಗೆ ನಿಷ್ಠಳಾಗಿರಲೆಂದೇ ಒಲ್ಲೆನೆಂದ ಆತ್ಮವನ್ನು ನಾವು ಏನೆಂದು ಕರೆಯಬೇಕು? ಹಿಂದಿನ ಕೈಪಿಡಿಗಳಲ್ಲಿ 'ಮೊಂಡುತನ' ಎಂಬ ಪದ ಸಿದ್ಧವಾಗಿತ್ತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಹತ್ತಿಕೊಂಡಿದ್ದ ಅವಿಶ್ವಾಸಸೂಚಕ ವಿಶೇಷಣವನ್ನು 1959ರಲ್ಲಿ ಇಪ್ಪತ್ತಮೂರನೆಯ ಯೊವಾನ್ನರು ತೆಗೆಸಿಹಾಕಿದರು. 1965ರಲ್ಲಿ ಮಹಾಸಭೆಯ ಎರಡು ಘೋಷಣೆಗಳು ಹೊರಬಂದವು. ಅಕ್ಟೋಬರ್ 28ರ 'ನೋಸ್ತ್ರ ಎತಾತೆ', ರೋಮನರಿಗೆ ಬರೆದ ಪತ್ರದ ಆಧಾರದ ಮೇಲೆ, ಪಿತೃಗಳ ನಿಮಿತ್ತ ಯೆಹೂದ್ಯರು ಇಂದಿಗೂ ದೇವರಿಗೆ ಪ್ರಿಯರೆಂದು ಸಾರಿತು. ಡಿಸೆಂಬರ್ 7ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಲಾಗದೆಂದು ಸ್ಪಷ್ಟಪಡಿಸಿತು. ಯೆಹೂದ್ಯರೊಡನೆಯ ಸಂಬಂಧಗಳ ವ್ಯಾಟಿಕನ್ ಆಯೋಗ 2015ರಲ್ಲಿ ಹೊರಡಿಸಿದ ಪತ್ರ, ಯೆಹೂದ್ಯರನ್ನೇ ಗುರಿಯಾಗಿಸಿದ ಸಾಂಸ್ಥಿಕ ಧರ್ಮಪ್ರಚಾರವನ್ನು ಧರ್ಮಸಭೆ ನಡೆಸುವುದಿಲ್ಲ ಎಂದಿತು. ಜೊತೆಗೆ ಕ್ರೈಸ್ತರು ವಿನಯದಿಂದ ಕ್ರಿಸ್ತರಿಗೆ ಸಾಕ್ಷಿಗಳಾಗಬೇಕೆಂದೂ ಹೇಳಿತು. ಕ್ರಿಸ್ತರೊಬ್ಬರೇ ಸರ್ವರ ಉದ್ಧಾರಕರು ಎಂಬ ನಮ್ಮ ವಿಶ್ವಾಸ ಇದರಿಂದ ಸಡಿಲವಾಗುವುದಿಲ್ಲ. ಮರೀಯಂಥವರ ನಿಷ್ಠೆಯನ್ನು ಆ ಉದ್ಧಾರದೊಳಗೆ ದೇವರು ಹೇಗೆ ಕೂಡಿಸುವರು ಎಂಬುದು ಅವರ ನಿಗೂಢ. ಸಂತ ಪೌಲರು ಆ ಅಧ್ಯಾಯವನ್ನು ಆರಾಧನೆಯಲ್ಲಿ ಮುಗಿಸಿದ್ದೂ ಅದಕ್ಕಾಗಿಯೇ (ರೋಮ 11:33-36).

ಪ್ರಬೋಧಕರಿಗೆ ಮೂರು ಸೂಚನೆಗಳು

ಮೊದಲನೆಯದಾಗಿ, ಯೇಸುಸ್ವಾಮಿಯನ್ನು ಅವರ ಜನರಿಂದ ಬಿಡಿಸಿ ಎತ್ತಬಾರದು. ಅವರು ಯೆಹೂದ್ಯರಾಗಿದ್ದರು, ಯೆಹೂದ್ಯರಾಗಿಯೇ ಉಳಿದರು ಎಂದು 1985ರ ವ್ಯಾಟಿಕನ್ ಟಿಪ್ಪಣಿ ಹೇಳುತ್ತದೆ. ಸ್ತ್ರೀಯರಿಗೆ ಅವರು ತೋರಿದ ಗೌರವ ಇಸ್ರಯೇಲಿನ ದೇವರ ಗೌರವವೇ. ಅದು ಪ್ರವಾದಿಗಳಿಂದ ಹರಿದುಬಂದ ನೀರು.

ಎರಡನೆಯದಾಗಿ, ಹಳೆಯ ಒಡಂಬಡಿಕೆ ಭಯದ್ದು, ಹೊಸದು ಪ್ರೀತಿಯದು ಎಂಬ ವಿಂಗಡಣೆಯನ್ನು ಕೈಬಿಡಬೇಕು. 1974ರ ಮಾರ್ಗಸೂಚಿ ಇದನ್ನು ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಿದೆ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ ಮೊದಲು ಕಾಣುವುದು ಯಾಜಕಕಾಂಡದಲ್ಲಿ (19:18).

ಮೂರನೆಯದಾಗಿ, ಸ್ತ್ರೀಯರ ಘನತೆಯನ್ನು ಕುರಿತು ಮಾತನಾಡುವಾಗ ಇತರರ ಧರ್ಮವನ್ನು ಅಳತೆಗೋಲಾಗಿ ಹಿಡಿಯಬಾರದು. 'ಅವರಲ್ಲಿ ಹೀಗಿತ್ತು, ನಮ್ಮಲ್ಲಿ ಹೀಗಿದೆ' ಎಂದು ಹೇಳಿ ತೃಪ್ತರಾಗುವ ಪ್ರಬೋಧಕ ತನ್ನ ಧರ್ಮಕೇಂದ್ರದ ಹೆಂಗಸರ ಇಂದಿನ ಸ್ಥಿತಿಯನ್ನು ಕೇಳುವುದರಿಂದ ತಪ್ಪಿಸಿಕೊಳ್ಳುತ್ತಾನೆ. ಯೆಹೂದ್ಯರ ಕುರಿತು ನಾವು ಆಡುವ ಮಾತನ್ನು ಅಲ್ಲಗಳೆಯಲು ನಮ್ಮ ಹಳ್ಳಿಪೇಟೆಗಳಲ್ಲಿ ಯೆಹೂದ್ಯರಾರೂ ಇರುವುದಿಲ್ಲ. ಎದುರಾಡುವವರಿಲ್ಲದ ಕಡೆಯಲ್ಲಿ ಸತ್ಯದ ಹೊಣೆ ಬೋಧಕನೊಬ್ಬನ ಮೇಲೆಯೇ ಬೀಳುತ್ತದೆ.

1847ರ ಬೇಸಿಗೆಯಲ್ಲಿ ಗ್ರೇಸ್ ಸಂಗೀತ ಕಲಿಯುತ್ತಿದ್ದ ತಮ್ಮನನ್ನು ಕಾಣಲು ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೊರಟರು. ಹೊರಡುವ ಮುನ್ನ ಲಂಡನ್ನಿನ ಯೆಹೂದ್ಯ ಮಹಿಳೆಯರು ಅವರಿಗೆ ಕೃತಜ್ಞತೆಯ ಬಿನ್ನವತ್ತಳೆ ಅರ್ಪಿಸಿದರು. ಫ್ರಾಂಕ್‌ಫರ್ಟಿನಲ್ಲಿಯೇ ರೋಗ ಉಲ್ಬಣಿಸಿ ಸೆಪ್ಟೆಂಬರ್ 16ರಂದು ತೀರಿಕೊಂಡರು. ಕೊನೆಯಲ್ಲಿ ಮಾತು ನಿಂತುಹೋಗಿದ್ದ ಅವರು ಬೆರಳ ಸಂಜ್ಞೆಗಳಿಂದ ತಿಳಿಸಿದ್ದು ಯೋಬನ ಗ್ರಂಥದ ಹದಿಮೂರನೆಯ ಅಧ್ಯಾಯದ ಮಾತನ್ನು, ದೇವರು ಕೊಂದರೂ ಅವರಲ್ಲಿಯೇ ಭರವಸೆಯಿಡುವೆನೆಂಬ ಭಾವದ ವಚನವನ್ನು. ಅದೇ ಪುಸ್ತಕವನ್ನು ನಮ್ಮ ಮರಣಶಯ್ಯೆಗಳ ಬಳಿಯೂ ಓದುತ್ತೇವೆ. ಒಂದೇ ದೇವರ ಮುಂದೆ ಒಂದೇ ಮಾತಿನಿಂದ ಪ್ರಾಣ ಒಪ್ಪಿಸಿದವರ ಧರ್ಮವನ್ನು ಕುರಿತು ಬೋಧನಪೀಠದಿಂದ ಮಾತನಾಡುವಾಗ, ಅವರು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿರುವರೋ ಎಂಬಂತೆ ನಾವು ಮಾತನಾಡಬೇಕು.